ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಶುರುವಾಗುತ್ತಿಲ್ಲ: ಮದರ್‌ಬೋರ್ಡ್ ಹೋಗಿದೆಯೇ?

ಪ್ರಶ್ನೆ: ಡಿಟಿಪಿ ಅಂಗಡಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಅಶೋಕ ರಸ್ತೆಯ ಹತ್ತಿರ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಫ್ಲೆಕ್ಸ್ ವಿನ್ಯಾಸದ ಜೊತೆಗೆ ಈಚೆಗೆ ಮದುವೆ ವಿಡಿಯೊಗಳ ಎಡಿಟಿಂಗ್ ಕೆಲಸವನ್ನೂ ಒಪ್ಪಿಕೊಳ್ಳುತ್ತಿದ್ದೇವೆ. ವಿಡಿಯೊ ರೆಂಡರ್ ಆಗುವುದಕ್ಕೆ, ಅಂದರೆ ಎಡಿಟ್ ಮಾಡಿದ್ದು ಅಂತಿಮ ಫೈಲಾಗಿ ತಯಾರಾಗುವುದಕ್ಕೆ, ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ, ಪರಿಚಯದವರೊಬ್ಬರು ಬಳಸುತ್ತಿದ್ದ ಜಿಟಿಎಕ್ಸ್ 1660 ಸೂಪರ್ ಕಾರ್ಡನ್ನು ಕೊಂಡುಕೊಂಡು, ಅದರೊಂದಿಗೆ 8 ಜಿಬಿಯ ಹೊಸ ರ‍್ಯಾಮ್ ಒಂದನ್ನೂ ತಂದು, ಎರಡನ್ನೂ ಒಂದೇ ದಿನ ಹಾಕಿದೆವು. ಅಂದಿನಿಂದ ಕಂಪ್ಯೂಟರ್ ಶುರುವಾಗುತ್ತಿಲ್ಲ.

ಕಂಪ್ಯೂಟರಿನ ವಿವರ ಹೀಗಿದೆ. ಪ್ರೊಸೆಸರ್ ಇಂಟೆಲ್ ಐ5-9400ಎಫ್. ಎರಡು ರ‍್ಯಾಮ್ ಸ್ಲಾಟ್ ಇರುವ ಎಚ್310 ಮದರ್‌ಬೋರ್ಡ್. ಮೊದಲಿಂದ ಇದ್ದ 8 ಜಿಬಿ ಡಿಡಿಆರ್4 ರ‍್ಯಾಮ್. ಹಳೆಯ ಕಾರ್ಡ್ ಜಿಟಿ 710. ಕ್ಯಾಬಿನೆಟ್ ಜೊತೆಗೇ ಬಂದ, 450 ವ್ಯಾಟ್ ಎಂದು ಬರೆದಿರುವ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ವಿದ್ಯುತ್ ಒದಗಿಸುವ ಡಬ್ಬಿ. ಹೊಸ ಕಾರ್ಡಿಗೆ ಬೇಕಾದ 8 ಪಿನ್ ಕನೆಕ್ಟರ್ ನಮ್ಮ ಎಸ್‌ಎಂಪಿಎಸ್‌ನಲ್ಲಿ ಇರಲಿಲ್ಲವಾದ್ದರಿಂದ, ಕಾರ್ಡ್ ಕೊಟ್ಟವರೇ ಕೊಟ್ಟ ಕನ್ವರ್ಟರ್ ಕೇಬಲ್ಲನ್ನು ಹಾರ್ಡ್‌ಡಿಸ್ಕಿಗೆ ಹೋಗುವ ಸಾಟಾ ಪವರ್ ಕನೆಕ್ಟರಿಗೆ ಸೇರಿಸಿ ಕಾರ್ಡಿಗೆ ಕೊಟ್ಟಿದ್ದೇವೆ.

ಸ್ವಿಚ್ ಒತ್ತಿದರೆ ಫ್ಯಾನುಗಳು ಒಂದು ಕ್ಷಣ ತಿರುಗಿ ನಿಂತುಬಿಡುತ್ತವೆ. ಬೀಪ್ ಸದ್ದು ಬರುವುದಿಲ್ಲ. ಹೊಸ ಕಾರ್ಡನ್ನು ತೆಗೆದು, ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟಿಗೆ ಹಾಕಿ ನೋಡಿದಾಗ ಫ್ಯಾನುಗಳು ನಿಲ್ಲದೆ ತಿರುಗುತ್ತವೆ, ಆದರೆ ಡಿಸ್‌ಪ್ಲೇ ಬರುವುದಿಲ್ಲ. ಇದನ್ನು ನೋಡಿದ ಅಂಗಡಿಯೊಬ್ಬರು ಮದರ್‌ಬೋರ್ಡ್ ಹೋಗಿದೆ, ಈ ಪ್ರೊಸೆಸರಿಗೆ ಹೊಸ ಬೋರ್ಡ್ ಈಗ ಸಿಗುವುದು ಕಷ್ಟವಾದ್ದರಿಂದ ಪ್ರೊಸೆಸರನ್ನೂ ಬದಲಿಸಬೇಕು ಎಂದರು. ಅಷ್ಟು ಹಣ ಹಾಕುವ ಮೊದಲು, ನಿಜವಾಗಿಯೂ ಬೋರ್ಡ್ ಹೋಗಿದೆಯೇ ಎಂದು ಮನೆಯಲ್ಲೇ ತಿಳಿಯುವ ದಾರಿ ಇದೆಯೇ? ಒಪ್ಪಿಕೊಂಡ ಕೆಲಸ ಕೈಯಲ್ಲಿರುವುದರಿಂದ ಬೇಗ ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ: ಕಂಪ್ಯೂಟರ್ ರಿಪೇರಿ, ಪಿ.ಜೆ. ಬಡಾವಣೆ, ದಾವಣಗೆರೆ

ನಮಸ್ಕಾರ. ದಯವಿಟ್ಟು ಬೋರ್ಡ್ ಬದಲಿಸುವ ಮಾತಿಗೆ ಈಗಲೇ ಒಪ್ಪಬೇಡಿ. ನೀವು ಬರೆದಿರುವುದರಲ್ಲಿ ಬೋರ್ಡ್ ಹೋಗಿದೆ ಎನ್ನಲು ಒಂದು ಆಧಾರವೂ ಇಲ್ಲ.

ನಿಮ್ಮ ಪ್ರೊಸೆಸರ್ ಐ5-9400ಎಫ್. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಭಾಗ ಕೆಲಸ ಮಾಡುವುದಿಲ್ಲ. ಮದರ್‌ಬೋರ್ಡಿನ ಹಿಂಬದಿಯಲ್ಲಿ ಎಚ್‌ಡಿಎಂಐ ಪೋರ್ಟ್ ಕಣ್ಣಿಗೆ ಕಾಣುತ್ತದೆ, ಆದರೆ ಈ ಪ್ರೊಸೆಸರ್ ಕೂತಿರುವಷ್ಟು ದಿನವೂ ಆ ಪೋರ್ಟಿನಿಂದ ಚಿತ್ರ ಬರುವುದಿಲ್ಲ; ಬೋರ್ಡ್ ಹೊಚ್ಚ ಹೊಸದಾಗಿದ್ದರೂ ಬರುವುದಿಲ್ಲ. ಅದಕ್ಕೇ ನಿಮಗೆ ಮೊದಲು ಕಂಪ್ಯೂಟರ್ ಕೊಟ್ಟವರು ಜಿಟಿ 710 ಹಾಕಿ ಕೊಟ್ಟಿದ್ದಾರೆ. ಆದ್ದರಿಂದ ಕಾರ್ಡ್ ತೆಗೆದಾಗ ಪರದೆ ಖಾಲಿ ಇದ್ದದ್ದು ದೋಷವೇ ಅಲ್ಲ. ಕಾರ್ಡ್ ಇದ್ದಾಗ ಕ್ಷಣದಲ್ಲಿ ನಿಲ್ಲುವ ಯಂತ್ರ ಕಾರ್ಡ್ ತೆಗೆದೊಡನೆ ನಿಲ್ಲದೆ ಓಡುತ್ತಿದೆ ಎನ್ನುವುದು ಬೋರ್ಡಿನ ಪರವಾಗಿರುವ ಸಾಕ್ಷಿ. ಈ ಎರಡು ಲಕ್ಷಣಗಳನ್ನು ಬೇರೆ ಬೇರೆಯಾಗಿ ನೋಡದೆ ಎರಡಕ್ಕೂ ‘ಆನ್ ಆಗುತ್ತಿಲ್ಲ’ ಎಂಬ ಒಂದೇ ಮಾತು ಹೇಳಿಬಿಡುವುದರಿಂದ ಎಷ್ಟೋ ಒಳ್ಳೆಯ ಬೋರ್ಡುಗಳು ಗುಜರಿ ಸೇರುವುದನ್ನು ನೋಡಿದ್ದೇನೆ, ಅದಕ್ಕಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಮಾಡಬೇಕಾದದ್ದು ಇಷ್ಟು. ಗೋಡೆಯ ಸ್ವಿಚ್ ಆರಿಸಿ ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ಟಿನ ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದಿರುವ ವಿದ್ಯುತ್ ಇಳಿಯುತ್ತದೆ. ಹೊಸ ಕಾರ್ಡ್, ಹೊಸ ರ‍್ಯಾಮ್, ಕನ್ವರ್ಟರ್ ಕೇಬಲ್ ಮೂರನ್ನೂ ತೆಗೆದು ಪಕ್ಕಕ್ಕಿಡಿ. ಹಳೆಯ ರ‍್ಯಾಮ್ ಮೊದಲಿದ್ದ ಸ್ಲಾಟಿನಲ್ಲೇ ಇರಲಿ. ಜಿಟಿ 710 ಕಾರ್ಡನ್ನು ಮತ್ತೆ ಕೂರಿಸಿ, ಸ್ಲಾಟಿನ ತುದಿಯ ಲಾಕ್ ಬಿದ್ದಿದೆಯೇ ನೋಡಿ, ಮಾನಿಟರ್ ಕೇಬಲ್ಲನ್ನು ಆ ಕಾರ್ಡಿಗೇ ಹಾಕಿ. ಪ್ರೊಸೆಸರ್ ಬಳಿ, ಬೋರ್ಡಿನ ಮೇಲಂಚಿನಲ್ಲಿರುವ 4 ಅಥವಾ 8 ಪಿನ್ನಿನ ಕನೆಕ್ಟರನ್ನೂ, ಅಂಚಿನ 24 ಪಿನ್ ಕನೆಕ್ಟರನ್ನೂ ಒಮ್ಮೆ ಒತ್ತಿ ನೋಡಿ. ದೊಡ್ಡ ಕಾರ್ಡ್ ಕೂರಿಸುವಾಗ ಕೈ ತಾಗಿ ಇವು ಸಡಿಲವಾಗುವುದು ತೀರಾ ಸಾಮಾನ್ಯ. ಕಾರ್ಡಿಗಾಗಿ ಬಿಚ್ಚಿದ ಸ್ಕ್ರೂ ಬೋರ್ಡಿನ ಹಿಂದೆ ಬಿದ್ದಿಲ್ಲವೆಂದು ಟಾರ್ಚ್ ಹಿಡಿದು ಖಚಿತ ಮಾಡಿಕೊಳ್ಳಿ.

ಹೀಗೆ ಮೊದಲಿನಂತೆ ಜೋಡಿಸಿದಾಗ ಕಂಪ್ಯೂಟರ್ ಶುರುವಾದರೆ ಬೋರ್ಡಿನ ಚರ್ಚೆ ಮುಗಿಯಿತು. ಆ ಬಳಿಕ ಹೊಸ ರ‍್ಯಾಮ್ ಒಂದನ್ನೇ ಸೇರಿಸಿ ನೋಡಿ. ಅದು ಸರಿಹೋದ ಮೇಲೆಯೇ ಕಾರ್ಡಿನ ಮಾತು. ಎರಡನ್ನೂ ಒಟ್ಟಿಗೆ ಹಾಕಿದರೆ ಯಾವುದರಿಂದ ತೊಂದರೆ ಎಂದು ನಮ್ಮಂಥವರಿಗೂ ಹೇಳಲಾಗುವುದಿಲ್ಲ. ನನ್ನ ಅನುಮಾನವೆಲ್ಲ ಎಸ್‌ಎಂಪಿಎಸ್ ಮತ್ತು ಆ ಕನ್ವರ್ಟರ್ ಮೇಲಿದೆ. ಎಸ್‌ಎಂಪಿಎಸ್ ಲೇಬಲ್ಲಿನಲ್ಲಿ +12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅದನ್ನು ಇಲ್ಲಿ ತಿಳಿಸಿ.


ಉತ್ತರ: ಎಲೆಕ್ಟ್ರಾನಿಕ್ಸ್ ಬೋಧಕ, ಚಿತ್ರದುರ್ಗ

ಮೇಲಿನವರು ಹೇಳಿದ ಕ್ರಮವನ್ನೇ ಅನುಸರಿಸಿ. ಕನ್ವರ್ಟರ್ ಕೇಬಲ್ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದು ಕಂಪ್ಯೂಟರ್ ಶುರುವಾಗದಿರುವುದಕ್ಕಿಂತ ಗಂಭೀರವಾದ ವಿಷಯ.

ಜಿಟಿಎಕ್ಸ್ 1660 ಸೂಪರ್ ಕಾರ್ಡಿನ ವಿದ್ಯುತ್ ಬಳಕೆ 125 ವ್ಯಾಟ್. ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಉಳಿದದ್ದು 8 ಪಿನ್ ಕನೆಕ್ಟರಿನಿಂದ ಬರಬೇಕು, ಅದನ್ನು 150 ವ್ಯಾಟಿಗೆ ರೂಪಿಸಲಾಗಿದೆ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರುವುದು ಮೂರು ತೆಳ್ಳನೆಯ ಪಿನ್ನುಗಳು. ಒಂದೊಂದರ ಮಿತಿ 1.5 ಆಂಪಿಯರ್. ಒಟ್ಟು 4.5 ಆಂಪಿಯರ್, ಅಂದರೆ 54 ವ್ಯಾಟ್. ಹಾರ್ಡ್‌ಡಿಸ್ಕಿಗೆ ಇದು ಧಾರಾಳ. ಗ್ರಾಫಿಕ್ಸ್ ಕಾರ್ಡ್ ತನ್ನ 8 ಪಿನ್ನಿನಲ್ಲಿ ಇದಕ್ಕಿಂತ ಹೆಚ್ಚು ಎಳೆದರೆ ತಡೆಯುವವರು ಯಾರೂ ಇಲ್ಲ: ಪಿನ್ ಕಾದು ಪ್ಲಾಸ್ಟಿಕ್ ಕರಗುತ್ತದೆ, ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ. ಈ ಕನ್ವರ್ಟರುಗಳು ಕೈಗೆ ಸುಲಭವಾಗಿ ಸಿಗುತ್ತವೆ ಎಂಬ ಕಾರಣಕ್ಕೆ ಅವು ಸುರಕ್ಷಿತವೆಂದು ಯಾರೂ ನಂಬಬಾರದು. ನೀವು ಬಳಸಿದ ಸಾಟಾ ಕನೆಕ್ಟರನ್ನು ಬೆಳಕಿಗೆ ಹಿಡಿದು, ಹಳದಿ ತಂತಿ ಸೇರುವ ಜಾಗದಲ್ಲಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದೆಯೇ, ಸುಟ್ಟ ವಾಸನೆ ಇದೆಯೇ ನೋಡಿ.

ಇನ್ನು ಲೇಬಲ್ಲಿನ ವಿಷಯ. ಎಸ್‌ಎಂಪಿಎಸ್ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ 450 ಎಂಬುದು 3.3, 5 ಮತ್ತು 12 ವೋಲ್ಟಿನ ಸಾಲುಗಳನ್ನೆಲ್ಲ ಕೂಡಿಸಿ ಹೇಳುವ ಸಂಖ್ಯೆ. ಈಗಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬಹುಪಾಲು 12 ವೋಲ್ಟಿನಿಂದಲೇ ಕೆಲಸ ಮಾಡುತ್ತವೆಯಾದ್ದರಿಂದ ನಾವು ಲೆಕ್ಕ ಹಾಕಬೇಕಾದದ್ದು ಆ ಒಂದು ಸಾಲನ್ನು ಮಾತ್ರ. 12 ವೋಲ್ಟನ್ನು ಅಲ್ಲಿ ಬರೆದ ಆಂಪಿಯರಿನಿಂದ ಗುಣಿಸಿದರೆ ನಿಜವಾದ ಸಾಮರ್ಥ್ಯ ತಿಳಿಯುತ್ತದೆ. ಕ್ಯಾಬಿನೆಟ್ ಜೊತೆಗೆ ಬರುವ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಇದು ಹೆಸರಿನ ಅರ್ಧದಷ್ಟೂ ಇರದ ಉದಾಹರಣೆಗಳಿವೆ.

ಆದರೂ ಒಂದು ಮಾತನ್ನು ಎಚ್ಚರಿಕೆಯಿಂದ ಹೇಳಬೇಕು. ಸ್ವಿಚ್ ಒತ್ತಿದ ಮೊದಲ ಕ್ಷಣದಲ್ಲಿ ಕಾರ್ಡ್ ತನ್ನ ಪೂರ್ತಿ 125 ವ್ಯಾಟನ್ನು ಎಳೆಯುವುದಿಲ್ಲ. ಅದು ರೆಂಡರ್ ಅಥವಾ ಆಟದ ಹೊತ್ತಿನ ಬಳಕೆ. ಆದ್ದರಿಂದ ಕ್ಷಣದಲ್ಲೇ ನಿಲ್ಲುವುದಕ್ಕೆ ಎರಡು ಕಾರಣಗಳು ಸಾಧ್ಯ: ದುರ್ಬಲವಾದ ಎಸ್‌ಎಂಪಿಎಸ್ ಆರಂಭದ ಸೆಳೆತವನ್ನೇ ತಾಳದೆ ತನ್ನನ್ನು ತಾನು ಆರಿಸಿಕೊಳ್ಳುತ್ತಿರಬಹುದು, ಇಲ್ಲವೇ ಕಾರ್ಡಿನೊಳಗೆ ಶಾರ್ಟ್ ಸರ್ಕ್ಯೂಟ್ ಇರಬಹುದು. ಬಳಸಿದ ಕಾರ್ಡ್ ಆದ್ದರಿಂದ ಎರಡನೆಯದನ್ನು ತಳ್ಳಿಹಾಕಬಾರದು. ಇದನ್ನು ಪರೀಕ್ಷಿಸುವುದು ಸುಲಭ. ಕಾರ್ಡನ್ನು ಕಂಪ್ಯೂಟರಿನಿಂದ ಹೊರತೆಗೆದು ಮೇಜಿನ ಮೇಲಿಟ್ಟು, ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಕಾರ್ಡಿನ 8 ಪಿನ್ನಿನಲ್ಲಿ ಹಳದಿ ತಂತಿ ಸೇರುವ ಪಿನ್ನಿಗೂ ಕಪ್ಪು ತಂತಿ ಸೇರುವ ಪಿನ್ನಿಗೂ ನಡುವೆ ಅಳೆಯಿರಿ. ಶೂನ್ಯದ ಹತ್ತಿರ ತೋರಿಸಿ ಅಲ್ಲೇ ನಿಂತರೆ ಕಾರ್ಡ್ ಶಾರ್ಟ್ ಆಗಿದೆ. ಅದನ್ನು ಯಾವ ಯಂತ್ರಕ್ಕೂ ಹಾಕಬೇಡಿ.

ಎಸ್‌ಎಂಪಿಎಸ್‌ನ 12 ವೋಲ್ಟನ್ನು ಮೀಟರಿನಲ್ಲಿ ನೋಡಲೂಬಹುದು, 11.4 ರಿಂದ 12.6ರ ಒಳಗಿರಬೇಕು. ಆದರೆ ಹೊರೆ ಇಲ್ಲದಾಗ ಸರಿಯಾದ ಅಂಕಿ ಬಂದಿತೆಂದು ಅದಕ್ಕೆ ಒಳ್ಳೆಯದೆಂಬ ಪ್ರಮಾಣಪತ್ರ ಕೊಡಲಾಗದು, ಏಕೆಂದರೆ ಕ್ಷಣಮಾತ್ರದ ಕುಸಿತವನ್ನು ಸಾಮಾನ್ಯ ಮೀಟರ್ ಹಿಡಿಯುವುದಿಲ್ಲ. ಯಾವ ಕಾರಣಕ್ಕೂ ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬೇಡಿ. ನಮ್ಮ 230 ವೋಲ್ಟ್ ಒಳಗೆ ಡಿಸಿಯಾದಾಗ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಹಾಗೇ ಇರಬಹುದು.


ಉತ್ತರ: ಚಳ್ಳಕೆರೆ

ರ‍್ಯಾಮ್ ಕುರಿತು ನನ್ನದೂ ಎರಡು ಮಾತು. ನಿಮ್ಮ ಹೊಸ ರ‍್ಯಾಮ್ ಮೇಲೆ 3200 ಎಂದು ಬರೆದಿದ್ದರೆ ಗಾಬರಿಯಾಗಬೇಕಿಲ್ಲ. ಈ ಪ್ರೊಸೆಸರ್ ಮತ್ತು ಬೋರ್ಡ್ ಅದನ್ನು 2666ರ ವೇಗದಲ್ಲೇ ನಡೆಸುತ್ತವೆ. ರ‍್ಯಾಮ್ ಬದಲಾದಾಗ ಬೋರ್ಡ್ ಹೊಸ ಹೊಂದಾಣಿಕೆ ಹುಡುಕುತ್ತ ತಾನೇ ನಿಂತು ಮತ್ತೆ ಶುರುವಾಗುವುದುಂಟು. ಆ ಹೊತ್ತಿನಲ್ಲಿ ಹೆದರಿ ಸ್ವಿಚ್ ಆರಿಸದೆ ಒಂದೆರಡು ನಿಮಿಷ ಕಾಯಬೇಕು. ಆಗಲೂ ಡಿಸ್‌ಪ್ಲೇ ಬರದಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ಮೇಲಿರುವ ಸಿಆರ್2032 ಸೆಲ್ಲನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಬಯೋಸ್ (ಕಂಪ್ಯೂಟರನ್ನು ಶುರುಮಾಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಮೊದಲಿನ ಸ್ಥಿತಿಗೆ ಬರುತ್ತದೆ. ದಿನಾಂಕ, ಸಮಯ ಮತ್ತೆ ಕೂರಿಸಬೇಕಾಗುತ್ತದೆ, ಅಷ್ಟೆ. ನಮ್ಮ ಕಡೆ ಗಾಳಿಯಲ್ಲಿ ಧೂಳು ಹೆಚ್ಚು. ಬಹಳ ಕಾಲ ಖಾಲಿ ಇದ್ದ ಎರಡನೆಯ ಸ್ಲಾಟಿನಲ್ಲಿ ಧೂಳು ಕೂತಿರುತ್ತದೆ, ಮೆತ್ತನೆಯ ಬ್ರಷ್‌ನಿಂದ ತೆಗೆದ ಮೇಲೆಯೇ ರ‍್ಯಾಮ್ ಕೂರಿಸಿ.

ಎಸ್‌ಎಂಪಿಎಸ್ ವಿಚಾರದಲ್ಲಿ, ಕೊಂಡುಕೊಳ್ಳುವ ಮೊದಲು ಪರಿಚಯದವರ ಹತ್ತಿರ ಒಳ್ಳೆಯದೊಂದನ್ನು ಎರವಲು ತಂದು ಪರೀಕ್ಷಿಸಿ ಎಂದು ನನ್ನ ಸಲಹೆ. 750 ವ್ಯಾಟಿನದು ತಂದುಬಿಡಿ ಎನ್ನುವವರು ಸಿಗುತ್ತಾರೆ. ನಿಮ್ಮ ಯಂತ್ರಕ್ಕೆ ಅಷ್ಟು ಬೇಡ.


ಪ್ರಶ್ನೆ ಕೇಳಿದವರಿಂದ: ಡಿಟಿಪಿ ಅಂಗಡಿ, ದಾವಣಗೆರೆ

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಹಳೆಯ ರ‍್ಯಾಮ್, ಹಳೆಯ ಜಿಟಿ 710 ಹಾಕಿ, ಕೇಬಲ್ಲನ್ನು ಕಾರ್ಡಿಗೇ ಕೊಟ್ಟು ಸ್ವಿಚ್ ಒತ್ತಿದಾಗ ವಿಂಡೋಸ್ ಮೊದಲಿನ ಹಾಗೆಯೇ ತೆರೆದುಕೊಂಡಿತು. ಒಪ್ಪಿಕೊಂಡಿದ್ದ ಕೆಲಸವನ್ನು ಆ ಸ್ಥಿತಿಯಲ್ಲೇ ಮುಗಿಸಿ ಕೊಟ್ಟು, ಬಳಿಕ ಉಳಿದದ್ದನ್ನು ನೋಡಿದೆವು.

ಹೊಸ ರ‍್ಯಾಮ್ ಸೇರಿಸಿದಾಗ ಮೊದಲು ಡಿಸ್‌ಪ್ಲೇ ಬರಲಿಲ್ಲ. ಚಳ್ಳಕೆರೆಯವರು ಹೇಳಿದಂತೆ ಸೆಲ್ ತೆಗೆದು ಹಾಕಿದ ಮೇಲೆ ಬಂತು. ಈಗ 16 ಜಿಬಿ, 2666 ಎಂದು ತೋರಿಸುತ್ತಿದೆ.

ಎಸ್‌ಎಂಪಿಎಸ್ ಲೇಬಲ್ಲಿನಲ್ಲಿ +12 ವೋಲ್ಟಿನ ಕೆಳಗೆ 16 ಆಂಪಿಯರ್ ಎಂದಿದೆ. ಚಿತ್ರದುರ್ಗದ ಮೇಷ್ಟ್ರು ಹೇಳಿದ ಲೆಕ್ಕದಲ್ಲಿ ಅದು 192 ವ್ಯಾಟ್ ಆಯಿತು. ಸಾಟಾ ಕನೆಕ್ಟರಿನ ಹಳದಿ ತಂತಿಯ ಬುಡದಲ್ಲಿ ಬಿಳಿ ಪ್ಲಾಸ್ಟಿಕ್ ಸುಣ್ಣದ ಮೇಲೆ ಚಹಾ ಚೆಲ್ಲಿದ ಹಾಗೆ ಕಂದಾಗಿದೆ, ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಕಾರ್ಡಿನ ಮೇಲೆ ಓಮ್ ಅಳತೆ ಮಾಡಿಸಿದಾಗ ಶಾರ್ಟ್ ಇಲ್ಲವೆಂದು ತಿಳಿಯಿತು. ನೆಂಟರೊಬ್ಬರ ಕಂಪ್ಯೂಟರಿನಿಂದ 8 ಪಿನ್ ಕೇಬಲ್ ತನ್ನಲ್ಲೇ ಇರುವ 550 ವ್ಯಾಟಿನ ಎಸ್‌ಎಂಪಿಎಸ್ ತಂದು ಜೋಡಿಸಿದೆವು; 1660 ಸೂಪರ್ ಒಂದೇ ಸಲಕ್ಕೆ ಕೆಲಸ ಮಾಡಿತು, ರೆಂಡರ್ ಹೊತ್ತಿನಲ್ಲೂ ನಿಲ್ಲಲಿಲ್ಲ.

ಈಗ ಅದೇ ಬಗೆಯದನ್ನು ಕೊಳ್ಳಬೇಕೆಂದಿದ್ದೇವೆ. ಆದರೆ ಇನ್ನೆರಡು ಸಂದೇಹ ಉಳಿದಿವೆ. ರೆಂಡರ್ ನಡೆಯುತ್ತಿರುವಾಗ ಕರೆಂಟ್ ಹೋದರೆ ನಮ್ಮ 600 ವಿಎ ಯುಪಿಎಸ್ ಕೂಗಿಕೊಂಡು ಕೂಡಲೇ ಆರಿಹೋಗುತ್ತದೆ. ಹಳೆಯ ಕಾರ್ಡಿನೊಂದಿಗೆ ಹೀಗಾಗುತ್ತಿರಲಿಲ್ಲ. ಲೇಸರ್ ಪ್ರಿಂಟರ್ ಕೂಡ ಅದೇ ಯುಪಿಎಸ್‌ನಲ್ಲಿದೆ. ಇನ್ನೊಂದು, ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಇದು ಮೊದಲಿನಿಂದಲೂ ಇದೆ.


ಉತ್ತರ: ಕಂಪ್ಯೂಟರ್ ರಿಪೇರಿ, ಪಿ.ಜೆ. ಬಡಾವಣೆ, ದಾವಣಗೆರೆ

ಬೋರ್ಡ್ ಉಳಿದದ್ದು ಕೇಳಿ ಬಹಳ ಸಂತೋಷವಾಯಿತು. ನಿಮ್ಮ ಪ್ರೊಸೆಸರಿನ ನಿಗದಿತ ಬಳಕೆ 65 ವ್ಯಾಟ್, ಕಾರ್ಡಿನದು 125. ಎರಡೇ ಸೇರಿ 190 ಆಯಿತು. ಹಳೆಯ ಎಸ್‌ಎಂಪಿಎಸ್‌ನ 12 ವೋಲ್ಟ್ ಕೊಡುವುದು, ಅದೂ ಲೇಬಲ್ ನಿಜವೆಂದು ನಂಬಿದರೆ, 192. ಫ್ಯಾನು, ಹಾರ್ಡ್‌ಡಿಸ್ಕ್ ಮೋಟಾರುಗಳಿಗೆ ಉಳಿದದ್ದು ಏನೂ ಇಲ್ಲ. ಜಿಟಿ 710 ಬರೀ 19 ವ್ಯಾಟಿನ ಕಾರ್ಡ್ ಆದ್ದರಿಂದ ಇಷ್ಟು ವರ್ಷ ಅದು ಹೇಗೋ ನಡೆಯಿತು.

ಹೊಸದನ್ನು ಕೊಳ್ಳುವಾಗ 550 ವ್ಯಾಟ್ ಸಾಕು. 12 ವೋಲ್ಟಿನಲ್ಲಿ 40 ಆಂಪಿಯರಿಗಿಂತ ಹೆಚ್ಚು ಇರುವುದನ್ನೂ, ಕಾರ್ಡಿಗೆ ಹೋಗುವ 6+2 ಪಿನ್ ಕೇಬಲ್ ಅದರಲ್ಲೇ ಇರುವುದನ್ನೂ ನೋಡಿ ತೆಗೆದುಕೊಳ್ಳಿ. ಪ್ರೊಸೆಸರಿನ 4+4 ಪಿನ್ ಬೇರೆ, ಕಾರ್ಡಿನ 6+2 ಪಿನ್ ಬೇರೆ. ನೋಡಲು ಒಂದೇ ಥರ ಇದ್ದರೂ ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಿ ತೂರಿಸಬಾರದು. ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ಮಾದರಿ ಕೊಂಡರೆ, ನೆಂಟರ ಎಸ್‌ಎಂಪಿಎಸ್‌ನ ಕೇಬಲ್ಲನ್ನು ಇದಕ್ಕೆ ಬಳಸಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ, ತಪ್ಪಿದರೆ ಹಾರ್ಡ್‌ಡಿಸ್ಕ್ ಸುಟ್ಟು ಒಳಗಿನ ಕೆಲಸವೆಲ್ಲ ಹೋಗುತ್ತದೆ. ಆ ಕನ್ವರ್ಟರನ್ನು ಕತ್ತರಿಸಿ ಎಸೆಯಿರಿ, ಇನ್ನೊಬ್ಬರ ಕೈಗೆ ಹೋಗುವುದು ಬೇಡ. ಕಂದಾದ ಕನೆಕ್ಟರ್ ಇರುವ ಹಳೆಯ ಎಸ್‌ಎಂಪಿಎಸ್ಸನ್ನು ಬೇರೆ ಕಂಪ್ಯೂಟರಿಗೂ ಹಾಕಬೇಡಿ.

ಯುಪಿಎಸ್ ಬಗ್ಗೆ: 600 ವಿಎ ಎಂದರೆ 600 ವ್ಯಾಟ್ ಅಲ್ಲ, ಬಹುಪಾಲು ಅವು 360 ವ್ಯಾಟಿನವು. ನಿಮ್ಮ ಯಂತ್ರ ರೆಂಡರ್ ಹೊತ್ತಿನಲ್ಲಿ, ಎಸ್‌ಎಂಪಿಎಸ್‌ನಲ್ಲಿ ಆಗುವ ನಷ್ಟವನ್ನೂ ಮಾನಿಟರನ್ನೂ ಸೇರಿಸಿ, 300 ವ್ಯಾಟಿನ ಆಸುಪಾಸು ಎಳೆಯುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಅಷ್ಟನ್ನು ತಾಳುವುದಿಲ್ಲ. ಲೇಸರ್ ಪ್ರಿಂಟರನ್ನಂತೂ ಇಂದೇ ಅಲ್ಲಿಂದ ತೆಗೆದು ನೇರವಾಗಿ ಗೋಡೆಯ ಪ್ಲಗ್ಗಿಗೆ ಕೊಡಿ. ಕಾಗದದ ಮೇಲೆ ಪುಡಿಯನ್ನು ಬಿಸಿ ಮಾಡಿ ಅಂಟಿಸುವ ಅದರ ಫ್ಯೂಸರ್ ಒಂದೇ ಹಲವು ನೂರು ವ್ಯಾಟ್ ಎಳೆಯುತ್ತದೆ. ಪ್ರಿಂಟರ್ ತೆಗೆದ ಮೇಲೂ ಆರಿಹೋದರೆ ಮೊದಲು ಬ್ಯಾಟರಿ ಬದಲಿಸಿ ನೋಡಿ, ಆಮೇಲೆ 1000 ವಿಎ ಯೋಚಿಸಿ.


ಉತ್ತರ: ಎಲೆಕ್ಟ್ರಾನಿಕ್ಸ್ ಬೋಧಕ, ಚಿತ್ರದುರ್ಗ

ಕೈ ಜುಮ್ಮೆನ್ನುವುದನ್ನು ದಯವಿಟ್ಟು ಸಣ್ಣ ವಿಷಯವೆಂದು ಬಿಡಬೇಡಿ. ನಿಮ್ಮ ಅಂಗಡಿಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲವೆಂದೇ ಅದರ ಸೂಚನೆ. ಎಸ್‌ಎಂಪಿಎಸ್ ಒಳಗೆ ಗದ್ದಲವನ್ನು ಸೋಸಲು ಎರಡು ಸಣ್ಣ ಕೆಪಾಸಿಟರುಗಳನ್ನು ಫೇಸ್ ಮತ್ತು ನ್ಯೂಟ್ರಲ್‌ನಿಂದ ಲೋಹದ ಡಬ್ಬಿಗೆ ಜೋಡಿಸಿರುತ್ತಾರೆ. ಅರ್ಥ್ ತಂತಿ ಸರಿಯಿದ್ದರೆ ಅವುಗಳ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ ನೆಲಕ್ಕೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ವಿದ್ಯುತ್ ಪ್ರಮಾಣ ಕಡಿಮೆಯಾದ್ದರಿಂದ ಜುಮ್ಮೆನ್ನುವುದಷ್ಟೇ ಆಗುತ್ತದೆ, ಆದರೆ ಎಸ್‌ಎಂಪಿಎಸ್ ಒಳಗೆ ನಿಜವಾದ ಸೋರಿಕೆಯಾದ ದಿನ ಕಾಪಾಡಬೇಕಾದದ್ದೂ ಇದೇ ಅರ್ಥ್ ತಂತಿ. ಕ್ಯಾಬಿನೆಟ್ಟಿಗೆ ಪ್ರಿಂಟರ್, ಮಾನಿಟರ್ ಕೇಬಲ್ ಸೇರಿಸುವಾಗ ಪೋರ್ಟ್ ಸುಡುವುದಕ್ಕೂ ಅರ್ಥ್ ಇಲ್ಲದಿರುವುದು ಕಾರಣವಾಗಬಹುದು.

ಎಲೆಕ್ಟ್ರಿಷಿಯನ್ನರಿಂದ ಪ್ಲಗ್ಗಿನ ಮೂರು ರಂಧ್ರಗಳ ನಡುವೆ ಅಳತೆ ಮಾಡಿಸಿ. ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಇವೆರಡೂ ಸರಿಯಾಗುವವರೆಗೆ ಹೊಸ ಎಸ್‌ಎಂಪಿಎಸ್ ಮತ್ತು ಕಾರ್ಡನ್ನು ಆ ಪ್ಲಗ್ಗಿಗೆ ಹಾಕಬೇಡಿ. ಅರ್ಥ್ ಪಿನ್ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡ್ ನಡುವೆ ಇದ್ದರೆ ಅದನ್ನೂ ಬದಲಿಸಿ.


ಪ್ರಶ್ನೆ ಕೇಳಿದವರಿಂದ: ಡಿಟಿಪಿ ಅಂಗಡಿ, ದಾವಣಗೆರೆ

ಮೇಷ್ಟ್ರೇ, ಅಳತೆ ಮಾಡಿಸಿದೆವು. ಪ್ಲಗ್ಗಿನ ಅರ್ಥ್ ರಂಧ್ರಕ್ಕೆ ತಂತಿಯೇ ಬಂದಿರಲಿಲ್ಲ. ಕಟ್ಟಡದ ಮಾಲೀಕರು ಒಪ್ಪಿ ಮೀಟರ್ ಬೋರ್ಡಿನಿಂದ ಹೊಸ ಅರ್ಥ್ ತಂತಿ ಎಳೆಸಿದ್ದಾರೆ, ಈಗ ಫೇಸ್ ಮತ್ತು ಅರ್ಥ್ ನಡುವೆ 228 ತೋರಿಸುತ್ತಿದೆ, ಕ್ಯಾಬಿನೆಟ್ ಮುಟ್ಟಿದರೆ ಏನೂ ಅನ್ನಿಸುವುದಿಲ್ಲ. ಪ್ರಿಂಟರನ್ನು ಯುಪಿಎಸ್‌ನಿಂದ ತೆಗೆದು, ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೇವೆ. 550 ವ್ಯಾಟಿನ ಎಸ್‌ಎಂಪಿಎಸ್ ಬಂದಿದೆ, 12 ವೋಲ್ಟಿನಲ್ಲಿ 45 ಆಂಪಿಯರ್ ಎಂದಿದೆ. ರೆಂಡರ್ ನಡೆಯುವಾಗ ಕರೆಂಟ್ ಹೋದರೂ ಫೈಲ್ ಉಳಿಸಿ ಆರಿಸುವಷ್ಟು ಸಮಯ ಸಿಗುತ್ತಿದೆ.